ತೋಟದ ಬಾವಿಯ ಪಂಪಿಗೆ ಎಷ್ಟು ದಪ್ಪದ ವಯರು? ವಿದ್ಯುತ್ ಶಕ್ತಿಯ ಲೆಕ್ಕ ಹಾಕುವ ಬಗೆ

ಬೇಸಿಗೆಯಲ್ಲಿ ಉಡುಪಿ, ಮಂಗಳೂರು ಸುತ್ತಲಿನ ಹಳ್ಳಿಗಳ ಅಡಿಕೆ ತೋಟಗಳಿಗೆಲ್ಲ ಒಂದೇ ಹೊತ್ತಿಗೆ ನೀರು ಬಿಡುವಾಗ ವೋಲ್ಟೇಜ್ ಇಳಿಯುತ್ತದೆ. ಪಂಪು ಗುಂಯ್‌ಗುಡುತ್ತದೆಯೇ ಹೊರತು ತಿರುಗುವುದಿಲ್ಲ. ಇಂಥ ಹೊತ್ತಿನಲ್ಲಿ ಮೆಸ್ಕಾಂ ಕಚೇರಿಗೆ ಫೋನ್ ಮಾಡುವುದು ಸರಿಯೇ, ಆದರೆ ಮೀಟರ್ ಬೋರ್ಡಿನಿಂದ ಬಾವಿಯವರೆಗೆ ನಾವೇ ಎಳೆಸಿದ ವಯರಿನ ಲೆಕ್ಕವನ್ನೂ ನೋಡಬೇಕು. ಅದಕ್ಕೆ ಹೈಸ್ಕೂಲಿನ ವಿಜ್ಞಾನ ಪಾಠದ ಸೂತ್ರಗಳೇ ಸಾಕು.

ಮೊದಲನೆಯದು ಎಲ್ಲಕ್ಕೂ ಮೂಲವಾದ ಸೂತ್ರ: ವಾಟ್ = ವೋಲ್ಟ್ × ಆಂಪಿಯರ್. ಮನೆಯ ವೋಲ್ಟೇಜ್ 230 ಎಂದಿಟ್ಟುಕೊಂಡರೆ, 2000 ವಾಟಿನ ಗೀಸರ್ ಎಳೆಯುವ ಕರೆಂಟು 2000 ÷ 230, ಅಂದರೆ ಸುಮಾರು 8.7 ಆಂಪಿಯರ್. ಆದ್ದರಿಂದ ಅದನ್ನು 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಹಾಕಲೇಬಾರದು, 16 ಆಂಪಿಯರಿನದ್ದೇ ಬೇಕು. ಬಿಲ್ಲಿನಲ್ಲಿ ಕಾಣುವ ಯೂನಿಟ್ ಎಂದರೆ 1000 ವಾಟಿನ ಉಪಕರಣ ಒಂದು ಗಂಟೆ ನಡೆದಾಗ ಖರ್ಚಾಗುವ ವಿದ್ಯುತ್ತು. ಇದೇ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್ ಆಗುತ್ತದೆ.

ಎರಡನೆಯ ಹೆಜ್ಜೆ, ವೋಲ್ಟೇಜ್ ಇಳಿದಾಗಿನ ಲೆಕ್ಕ. ಗೀಸರಿನ ಕಾಯಿಲ್‌ನಲ್ಲಿ ಹೆಚ್ಚುಕಡಿಮೆ ಬದಲಾಗದೆ ಉಳಿಯುವುದು ಅದರ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ (ಅಳೆಯುವುದು ಓಮ್‌ನಲ್ಲಿ); ಹಾಗಾಗಿ ಇಲ್ಲಿ ಬಳಸಬೇಕಾದದ್ದು ವಾಟ್ = ವೋಲ್ಟ್ × ವೋಲ್ಟ್ ÷ ಓಮ್ ಎಂಬ ರೂಪ. 230 × 230 ÷ 2000 ಎಂದು ಲೆಕ್ಕ ಹಾಕಿದರೆ ರೋಧ 26.45 ಓಮ್ ಬರುತ್ತದೆ. ವೋಲ್ಟೇಜ್ 190ಕ್ಕೆ ಇಳಿದರೆ ಶಕ್ತಿ 190 × 190 ÷ 26.45, ಅಂದರೆ ಸುಮಾರು 1365 ವಾಟ್ ಮಾತ್ರ. ವೋಲ್ಟೇಜ್ ಶೇಕಡಾ 17ರಷ್ಟು ಇಳಿದಾಗ ಶಕ್ತಿ ಶೇಕಡಾ 32ರಷ್ಟು ಇಳಿಯಿತು. ನೀರು ಕಾಯುವುದು ತಡವಾಗುತ್ತದೆ, ಗೀಸರಿಗೆ ಬೇರೆ ತೊಂದರೆಯಿಲ್ಲ.

ಮೋಟಾರಿನ ಸ್ವಭಾವ ಹೀಗಲ್ಲ, ಹೆಚ್ಚಿನವರು ತಪ್ಪುವುದೂ ಇಲ್ಲಿಯೇ. ಒಂದು ಎಚ್‌ಪಿ ಎಂದರೆ 746 ವಾಟ್ ನಿಜ, ಆದರೆ ಅದು ಮೋಟಾರು ತನ್ನ ಶಾಫ್ಟಿನಲ್ಲಿ ಕೊಡುವ ಶಕ್ತಿಯೇ ಹೊರತು ಲೈನಿನಿಂದ ಎಳೆಯುವ ಶಕ್ತಿಯಲ್ಲ. ದಕ್ಷತೆ ಶೇಕಡಾ 62 ಎಂದಾದರೆ ಒಂದು ಎಚ್‌ಪಿ ಮೋಟಾರು ಎಳೆಯುವುದು ಸುಮಾರು 1200 ವಾಟ್. ಕರೆಂಟನ್ನು ತಿಳಿಯಲು ಇದನ್ನು ವೋಲ್ಟೇಜ್ ಮತ್ತು ಪವರ್ ಫ್ಯಾಕ್ಟರ್‌ಗಳ ಗುಣಲಬ್ಧದಿಂದ ಭಾಗಿಸಬೇಕು. ಪವರ್ ಫ್ಯಾಕ್ಟರ್ ಎಂದರೆ ವೋಲ್ಟ್ × ಆಂಪಿಯರಿನಲ್ಲಿ ನಿಜಕ್ಕೂ ವಾಟ್ ಆಗುವ ಪಾಲು; ಅದು 0.8 ಇದ್ದರೆ 1200 ÷ (230 × 0.8), ಸುಮಾರು 6.5 ಆಂಪಿಯರ್. ನಿಮ್ಮ ಮೋಟಾರಿನ ನೇಮ್‌ಪ್ಲೇಟಿನಲ್ಲಿ ಆಂಪಿಯರ್ ನಮೂದಾಗಿದ್ದರೆ ಅದನ್ನೇ ನಂಬಿ. ವೋಲ್ಟೇಜ್ ಇಳಿದಾಗಲೂ ಎತ್ತಬೇಕಾದ ನೀರಿನ ಭಾರ ಇಳಿಯುವುದಿಲ್ಲವಾದ್ದರಿಂದ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ಸುರುಳಿಯ ಬಿಸಿಯೋ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಶೇಕಡಾ 20 ಹೆಚ್ಚಿದರೆ ಬಿಸಿ ಶೇಕಡಾ 44 ಹೆಚ್ಚುತ್ತದೆ. ವೈಂಡಿಂಗ್ ಸುಟ್ಟುಹೋಗುವುದು ಈ ಕಾರಣಕ್ಕೆ.

ಈಗ ವಯರಿಗೆ ಬರೋಣ. ಬಾವಿ 60 ಮೀಟರ್ ದೂರದಲ್ಲಿದ್ದರೆ ಕರೆಂಟು ಹೋಗಿ ಬರುವ ದಾರಿ 120 ಮೀಟರ್. ತಾಮ್ರದ ವಯರಿನ ರೋಧವನ್ನು ತಿಳಿಯಲು ಆ ಉದ್ದವನ್ನು ತಾಮ್ರದ ರೋಧದ ಅಂಕಿಯಾದ 0.0172ರಿಂದ ಗುಣಿಸಿ, ವಯರಿನ ಚದರ ಮಿಲಿಮೀಟರಿನಿಂದ ಭಾಗಿಸಬೇಕು. 1.5 ಚದರ ಮಿಲಿಮೀಟರಿನ ವಯರಿಗೆ ಇದು ಸುಮಾರು 1.38 ಓಮ್, 4ರದ್ದಕ್ಕೆ ಸುಮಾರು 0.52 ಓಮ್. ದಾರಿಯಲ್ಲಿ ಪೋಲಾಗುವ ಶಕ್ತಿಗೆ ವಾಟ್ = ಆಂಪಿಯರ್ × ಆಂಪಿಯರ್ × ಓಮ್ ಎಂಬ ರೂಪ: ತೆಳು ವಯರಿನಲ್ಲಿ 58 ವಾಟ್, ದಪ್ಪದರಲ್ಲಿ 22 ವಾಟ್. ಪೋಲು ಇಷ್ಟೇ ಎಂದಾದರೆ ಚಿಂತೆಯಿರಲಿಲ್ಲ. ಆದರೆ ಮೋಟಾರು ಸ್ಟಾರ್ಟ್ ಆಗುವ ಕ್ಷಣದಲ್ಲಿ ಐದು ಪಟ್ಟು ಕರೆಂಟು, ಅಂದರೆ ಸುಮಾರು 32 ಆಂಪಿಯರ್ ಎಳೆಯಿತೆಂದುಕೊಳ್ಳಿ. ಆಗ ತೆಳು ವಯರಿನಲ್ಲಿ 32 × 1.38, ಸುಮಾರು 44 ವೋಲ್ಟ್ ಇಳಿಯುತ್ತದೆ; ದಪ್ಪ ವಯರಿನಲ್ಲಿ ಇಳಿಯುವುದು ಸುಮಾರು 17 ಮಾತ್ರ. ಬೋರ್ಡಿನಲ್ಲೇ 190 ಇದ್ದ ದಿನ ಬಾವಿಯ ಬುಡದಲ್ಲಿ 150ಕ್ಕೂ ಕಡಿಮೆ ಉಳಿದರೆ ಮೋಟಾರು ಏಳುವುದಾದರೂ ಹೇಗೆ?

ವಯರಿನ ದಪ್ಪದಲ್ಲಿ ಹಣ ಉಳಿಸುವುದು ಬೇಡವೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ನಿಮ್ಮ ತೋಟದ ದೂರ ಮತ್ತು ಪಂಪಿನ ಆಂಪಿಯರನ್ನು ಹಾಕಿ ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಂಡು, ವಯರು ಕೊಳ್ಳುವ ಮೊದಲೇ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಜತೆ ಕುಳಿತು ನೋಡಿ. ಅಲ್ಯೂಮಿನಿಯಂ ವಯರಾದರೆ 0.0172ರ ಬದಲು 0.028 ಇಟ್ಟುಕೊಳ್ಳಬೇಕು, ಅದೇ ದಪ್ಪಕ್ಕೆ ರೋಧ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.