ಬ್ಯಾರಿಯರ್ ಹಾಕುವ ಮೊದಲು: ಕರ್ನಲ್‌ನ ಮೆಮೊರಿ ಆರ್ಡರಿಂಗ್ ಪದಗಳನ್ನು ಅರ್ಥಮಾಡಿಕೊಳ್ಳುವ ಬಗೆ

ರಿವ್ಯೂಗೆ ಬಂದ ಪ್ಯಾಚ್‌ನಲ್ಲಿ (ಕೋಡ್ ಬದಲಾವಣೆಯಲ್ಲಿ) ಹೊಸ ಬ್ಯಾರಿಯರ್, ಅಂದರೆ ಮೆಮೊರಿಯ ಓದು-ಬರಹಗಳು ಹಿಂದುಮುಂದಾಗದಂತೆ ತಡೆಯುವ ಸೂಚನೆ, ಕಂಡರೆ ನಾನು ಕೇಳುವುದು ಒಂದೇ ಪ್ರಶ್ನೆ: ಇದು ಇಲ್ಲದಿದ್ದರೆ ಯಾವ ಕೆಟ್ಟ ಫಲಿತಾಂಶ ಬರುತ್ತಿತ್ತು? “ಆರ್ಡರಿಂಗ್ ಸರಿ ಇರಲಿ ಅಂತ ಹಾಕಿದೆ” ಎಂಬುದು ಉತ್ತರ ಅಲ್ಲ. ಅಕ್ವೈರ್, ರಿಲೀಸ್, ಡಿಪೆಂಡೆನ್ಸಿ, ಫುಲ್ ಬ್ಯಾರಿಯರ್, ಇವುಗಳ ವಿವರಣೆಯನ್ನು ಬಾಯಿಪಾಠ ಮಾಡಿ ಉಪಯೋಗವಿಲ್ಲ. ಯಾವ ಪದ ಯಾವ ಫಲಿತಾಂಶವನ್ನು ತಡೆಯುತ್ತದೆ ಅಂತ ಬರೆದಿಟ್ಟುಕೊಳ್ಳಿ. ಅದೇ ಅದರ ಅರ್ಥ. ಲಿನಕ್ಸ್ ಕರ್ನಲ್‌ನ ಮಟ್ಟಿಗೆ ನಾನು ಇದನ್ನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ.

ಮೊದಲು ಕಂಪೈಲರ್ ಮತ್ತು ಸಿಪಿಯುವನ್ನು ಬೇರೆ ಬೇರೆ ಇಟ್ಟು ನೋಡಿ. ನೀವು ಸಿ ಭಾಷೆಯಲ್ಲಿ ಬರೆದ ಸಾಲುಗಳ ಕ್ರಮವೇ ಪ್ರೋಗ್ರಾಮ್ ಆರ್ಡರ್. ಅದನ್ನು ಈ ಇಬ್ಬರೂ ಕದಡಬಹುದು. ಸಾಮಾನ್ಯ ವೇರಿಯಬಲ್ ಬದಲಾಗಲಿ ಅಂತ ಲೂಪ್‌ನಲ್ಲಿ ಕಾಯುತ್ತಿದ್ದೀರಿ ಅಂದುಕೊಳ್ಳಿ. ಕಂಪೈಲರ್ ಅದನ್ನು ಒಂದೇ ಸಲ ಓದಿ ರಿಜಿಸ್ಟರ್‌ನಲ್ಲಿ ಇಟ್ಟುಕೊಂಡರೆ ಲೂಪ್ ಮುಗಿಯುವುದೇ ಇಲ್ಲ. ಕರ್ನಲ್‌ನ ರೀಡ್_ಒನ್ಸ್ ಮತ್ತು ರೈಟ್_ಒನ್ಸ್ ಮ್ಯಾಕ್ರೋಗಳು ತಡೆಯುವುದು ಇಂಥದ್ದನ್ನು. ಎರಡು ಬೇರೆ ವೇರಿಯಬಲ್‌ಗಳ ನಡುವೆ ಸಿಪಿಯು ಕ್ರಮ ಕಾಯಬೇಕು ಅಂತ ಅವು ಹೇಳುವುದಿಲ್ಲ.

ಕೊಹೆರೆನ್ಸ್ ಅನ್ನುವುದು ಒಂದೇ ವೇರಿಯಬಲ್‌ನ ಮಾತು. ಅದರ ಬೆಲೆಗಳು ಯಾವ ಕ್ರಮದಲ್ಲಿ ಬದಲಾದವು ಎಂಬುದರಲ್ಲಿ ಎಲ್ಲ ಸಿಪಿಯುಗಳಿಗೂ ಒಂದೇ ಅಭಿಪ್ರಾಯ ಇರುತ್ತದೆ. ಹೊಸ ಬೆಲೆ ನೋಡಿದ ಸಿಪಿಯುಗೆ ಮತ್ತೆ ಹಳೆಯದು ಕಾಣುವುದಿಲ್ಲ. ತೊಂದರೆ ಶುರುವಾಗುವುದು ವೇರಿಯಬಲ್ ಎರಡಾದಾಗ.

ಈಗ ಪೇಪರ್ ತೆಗೆದುಕೊಂಡು ಇದನ್ನು ಬರೆಯಿರಿ. ಎರಡೂ ವೇರಿಯಬಲ್‌ಗಳ ಆರಂಭದ ಬೆಲೆ 0. ಓದು, ಬರಹ ಎಲ್ಲವೂ ರೀಡ್_ಒನ್ಸ್, ರೈಟ್_ಒನ್ಸ್ ಮೂಲಕವೇ. ಆರ್1, ಆರ್2 ಅಂದರೆ ಓದಿದ್ದನ್ನು ಇಟ್ಟುಕೊಳ್ಳುವ ಜಾಗಗಳು.

ಸಿಪಿಯು 0: ಡೇಟಾ = 42; ರೆಡಿ = 1;
ಸಿಪಿಯು 1: ಆರ್1 = ರೆಡಿ; ಆರ್2 = ಡೇಟಾ;

ಕೆಟ್ಟ ಫಲಿತಾಂಶ: ಆರ್1 = 1, ಆರ್2 = 0. ರೆಡಿ ಆಗಿದೆ ಅಂತ ಕಂಡಿತು, ಆದರೆ ಕೈಗೆ ಹಳೆಯ ಡೇಟಾ ಬಂತು. ಎಕ್ಸ್86ನಲ್ಲಿ (ಇಂಟೆಲ್, ಎಎಂಡಿ ಸಿಪಿಯುಗಳ ಬಗೆ) ಹಾರ್ಡ್‌ವೇರ್ ಇದನ್ನು ತೋರಿಸುವುದಿಲ್ಲ. ಆರ್ಮ್64ನಲ್ಲಿ, ಅಂದರೆ 64-ಬಿಟ್ ಆರ್ಮ್ ಸಿಪಿಯುಗಳಲ್ಲಿ, ಇದು ಎರಡು ದಾರಿಯಿಂದ ಬರಬಹುದು: ಬರಹಗಳು ಹಿಂದುಮುಂದಾಗಬಹುದು, ಓದುಗಳೂ ಹಿಂದುಮುಂದಾಗಬಹುದು. ಹಾಗಾಗಿ ಒಂದು ಕಡೆ ಮಾತ್ರ ಸರಿಮಾಡಿದರೆ ಏನೂ ಸರಿಯಾಗುವುದಿಲ್ಲ. ಬ್ಯಾರಿಯರ್‌ಗೆ ಯಾವಾಗಲೂ ಜೋಡಿ ಬೇಕು.

ರಿಲೀಸ್ ಅಂದರೆ: ಈ ಬರಹಕ್ಕಿಂತ ಮೊದಲಿನ ಎಲ್ಲ ಓದು-ಬರಹ ಇದಕ್ಕಿಂತ ಮೊದಲೇ ಆಗಿರಬೇಕು. ಅಕ್ವೈರ್ ಅಂದರೆ: ಈ ಓದಿನ ನಂತರದ್ದೆಲ್ಲ ಇದಾದ ಮೇಲೆಯೇ ಆಗಬೇಕು. ಸಿಪಿಯು 0 ರೆಡಿಯನ್ನು ಎಸ್‌ಎಂಪಿ_ಸ್ಟೋರ್_ರಿಲೀಸ್ ಮೂಲಕ ಬರೆಯಲಿ, ಸಿಪಿಯು 1 ಎಸ್‌ಎಂಪಿ_ಲೋಡ್_ಅಕ್ವೈರ್ ಮೂಲಕ ಓದಲಿ. ರಿಲೀಸ್ ಬರೆದ 1 ಅಕ್ವೈರ್‌ಗೆ ಕಂಡರೆ ಡೇಟಾ 42 ಆಗಿರಲೇಬೇಕು. ಇಲ್ಲಿ “ಕಂಡರೆ” ಎಂಬುದೇ ಮುಖ್ಯ. ರೆಡಿ 0 ಅಂತ ಕಂಡರೆ ಡೇಟಾ ಬಗ್ಗೆ ಯಾವ ಭರವಸೆಯೂ ಇಲ್ಲ. ಇನ್ನೊಂದು ಮಾತು: ರಿಲೀಸ್ ನಂತರ ಬರೆದದ್ದು ಅದಕ್ಕಿಂತ ಮೇಲಕ್ಕೆ ಹೋಗಬಹುದು. ಅದನ್ನು ತಡೆಯುವ ಕೆಲಸ ರಿಲೀಸ್‌ನದ್ದಲ್ಲ.

ಆರ್ಮ್64ನಲ್ಲಿ ಇವು ಎಸ್‌ಟಿಎಲ್‌ಆರ್, ಎಲ್‌ಡಿಎಆರ್ ಎಂಬ ಬೇರೆಯೇ ಇನ್‌ಸ್ಟ್ರಕ್ಷನ್‌ಗಳಾಗುತ್ತವೆ. ಎಕ್ಸ್86ನಲ್ಲಿ ಬರೀ ಮೂವ್ ಎಂಬ ಸಾಮಾನ್ಯ ಇನ್‌ಸ್ಟ್ರಕ್ಷನ್, ಜೊತೆಗೆ ಕಂಪೈಲರ್‌ಗೆ ಒಂದು ಕಡಿವಾಣ, ಅಷ್ಟೇ. ಲ್ಯಾಪ್‌ಟಾಪ್‌ನಲ್ಲಿ ವರ್ಷಗಟ್ಟಲೆ ಓಡಿದ ಡ್ರೈವರ್ ಆರ್ಮ್ ಬೋರ್ಡ್‌ಗೆ ಹೋದ ತಕ್ಷಣ ಕೈಕೊಡುವುದು ಇದಕ್ಕೇ. “ನನ್ನ ಮಷೀನ್‌ನಲ್ಲಿ ಟೆಸ್ಟ್ ಮಾಡಿದೆ” ಎಂಬ ಮಾತಿಗೆ ಈ ವಿಷಯದಲ್ಲಿ ಬೆಲೆ ಇಲ್ಲ.

ಎರಡನೆಯ ಮಾದರಿ ಇನ್ನೂ ಮುಖ್ಯ, ಯಾಕೆಂದರೆ ಇದು ಎಕ್ಸ್86ನಲ್ಲೂ ಕಾಣುತ್ತದೆ.

ಸಿಪಿಯು 0: ಎಕ್ಸ್ = 1; ಆರ್1 = ವೈ;
ಸಿಪಿಯು 1: ವೈ = 1; ಆರ್2 = ಎಕ್ಸ್;

ಆರ್1, ಆರ್2 ಎರಡೂ 0 ಬರಬಹುದು. ಬರಹ ಇನ್ನೂ ಸಿಪಿಯುವಿನ ಸ್ಟೋರ್ ಬಫರ್‌ನಲ್ಲಿ (ಮೆಮೊರಿಗೆ ಹೋಗುವ ಮುನ್ನ ಬರಹಗಳು ಕಾಯುವ ಜಾಗ) ಕೂತಿರುವಾಗಲೇ ಮುಂದಿನ ಓದು ಮುಗಿದುಹೋಗುತ್ತದೆ. ಅಕ್ವೈರ್, ರಿಲೀಸ್ ಇದನ್ನು ತಡೆಯುವುದಿಲ್ಲ. ಎರಡೂ ಕಡೆ ನಡುವೆ ಎಸ್‌ಎಂಪಿ_ಎಂಬಿ ಎಂಬ ಫುಲ್ ಬ್ಯಾರಿಯರ್ ಬೇಕು. ಫುಲ್ ಬ್ಯಾರಿಯರ್‌ನ ಅರ್ಥವೇ ಇದು: ಮೊದಲು ಬರೆದು ನಂತರ ಓದುವ ಕ್ರಮವನ್ನೂ ಅದು ಕಾಯುತ್ತದೆ.

ಇದು ಪುಸ್ತಕದ ಲೆಕ್ಕ ಅಂದುಕೊಳ್ಳಬೇಡಿ. ಕರ್ನಲ್‌ನಲ್ಲಿ ಯಾವುದಾದರೂ ಕಂಡಿಷನ್‌ಗಾಗಿ ಕಾಯುತ್ತಾ ಮಲಗುವ ಟಾಸ್ಕ್ ಮೊದಲು ‘ಮಲಗುತ್ತಿದ್ದೇನೆ’ ಎಂಬ ತನ್ನ ಸ್ಟೇಟ್ ಬರೆದು, ಆಮೇಲೆ ಕಂಡಿಷನ್ ನೋಡುತ್ತದೆ. ಎಬ್ಬಿಸುವವನು ಕಂಡಿಷನ್ ಬರೆದು, ಆಮೇಲೆ ಸ್ಟೇಟ್ ನೋಡುತ್ತಾನೆ. ಇಬ್ಬರಿಗೂ ಹಳೆಯದೇ ಕಂಡರೆ ಆ ಟಾಸ್ಕ್‌ಗೆ ಏಳುವ ದಾರಿಯೇ ಇಲ್ಲದೇ ಹೋಗಬಹುದು. ಸೆಟ್_ಕರೆಂಟ್_ಸ್ಟೇಟ್ ಒಳಗೆ ಫುಲ್ ಬ್ಯಾರಿಯರ್ ಇರುವುದು ಅದಕ್ಕೇ. ವೇಕ್_ಅಪ್_ಪ್ರಾಸೆಸ್ ಕೂಡ ಸ್ಟೇಟ್ ನೋಡುವ ಮೊದಲು ಒಂದು ಫುಲ್ ಬ್ಯಾರಿಯರ್ ದಾಟುತ್ತದೆ.

ಬ್ಯಾರಿಯರ್ ಹಾಕಿದರೆ ಬರಹ ಬೇಗ ಉಳಿದವರಿಗೆ ಕಾಣುತ್ತದೆ ಎಂಬ ನಂಬಿಕೆ ತುಂಬಾ ಜನಕ್ಕಿದೆ. ಅದನ್ನು ಬಿಟ್ಟುಬಿಡಿ. ಯಾವುದು ಮೊದಲು ಅಂತ ಮಾತ್ರ ಬ್ಯಾರಿಯರ್ ಹೇಳುತ್ತದೆ, ಯಾವಾಗ ಅಂತ ಅಲ್ಲ.

ಡಿಪೆಂಡೆನ್ಸಿ, ಅಂದರೆ ಮೊದಲ ಓದಿನ ಫಲಿತಾಂಶವನ್ನು ಮುಂದಿನ ಹೆಜ್ಜೆ ನೆಚ್ಚಿಕೊಂಡಿರುವುದು, ಅದರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪಾಯಿಂಟರ್ ಓದಿ, ಅದರ ಮೂಲಕವೇ ಫೀಲ್ಡ್ ಓದಿದರೆ ಕ್ರಮ ಉಳಿಯುತ್ತದೆ. ಕರ್ನಲ್‌ನ ಆರ್‌ಸಿಯು ವ್ಯವಸ್ಥೆಯಲ್ಲಿ ಲಾಕ್ ಇಲ್ಲದೇ ಪಾಯಿಂಟರ್ ಓದುವ ಆರ್‌ಸಿಯು_ಡಿರೆಫರೆನ್ಸ್ ನಿಂತಿರುವುದು ಇದರ ಮೇಲೆ. ಡೆಕ್ ಆಲ್ಫಾ ಎಂಬ ಹಳೆಯ ಪ್ರೊಸೆಸರ್‌ನಲ್ಲಿ ಮಾತ್ರ ಇದೂ ಮುರಿಯುತ್ತಿತ್ತು. ಕರ್ನಲ್ ಆವೃತ್ತಿ 4.15ರಿಂದ ಅದಕ್ಕೆ ಬೇಕಾದ ಬ್ಯಾರಿಯರ್ ರೀಡ್_ಒನ್ಸ್ ಒಳಗೇ ಸೇರಿದೆ. ಕಂಟ್ರೋಲ್ ಡಿಪೆಂಡೆನ್ಸಿ, ಅಂದರೆ ಓದಿ, ಇಫ್ ಹಾಕಿ, ಒಳಗೆ ಬರೆಯುವುದು. ಆ ಬರಹಕ್ಕೆ ಕ್ರಮ ಇದೆ, ಒಳಗಿನ ಓದಿಗೆ ಇಲ್ಲ. ಎರಡೂ ಕವಲುಗಳಲ್ಲಿ ಒಂದೇ ಬರಹ ಇದ್ದರೆ ಕಂಪೈಲರ್ ಅದನ್ನು ಇಫ್‌ಗಿಂತ ಮೇಲಕ್ಕೆ ಎತ್ತಬಹುದು. ಅಕ್ವೈರ್ ಸಾಕಾಗುವ ಕಡೆ ನಾನು ಇದರ ಸಹವಾಸಕ್ಕೆ ಹೋಗುವುದಿಲ್ಲ.

ಅಟಾಮಿಕ್ (ನಡುವೆ ಯಾರೂ ತೂರದಂತೆ ಒಂದೇ ಏಟಿಗೆ ಮುಗಿಯುವ ಕೆಲಸ) ಅಂದ ತಕ್ಷಣ ಆರ್ಡರಿಂಗ್ ಸಿಗುತ್ತದೆ ಅಂತಲೂ ಅಲ್ಲ. ಅಟಾಮಿಕ್_ಇಂಕ್‌ಗೆ ಯಾವ ಕ್ರಮವೂ ಇಲ್ಲ. ಬೆಲೆ ಹಿಂತಿರುಗಿಸುವ ಅಟಾಮಿಕ್_ಇಂಕ್_ರಿಟರ್ನ್‌ಗೆ ಪೂರ್ತಿ ಕ್ರಮ ಇದೆ. ಬೆಲೆ ನಿರೀಕ್ಷಿಸಿದಂತೆ ಇದ್ದರೆ ಮಾತ್ರ ಬದಲಿಸುವ ಕಂಪೇರ್-ಎಕ್ಸ್‌ಚೇಂಜ್ ಸೋತರೆ ಅದಕ್ಕೆ ಇಲ್ಲ. ಇನ್ನು ಡಿಎಂಎ (ಡಿವೈಸ್ ತಾನೇ ನೇರವಾಗಿ ಮೆಮೊರಿ ಓದಿ-ಬರೆಯುವುದು) ಮೂಲಕ ಡಿವೈಸ್ ಜೊತೆ ಮಾತಾಡುವಾಗ ಎಸ್‌ಎಂಪಿ (ಹಲವು ಸಿಪಿಯುಗಳ ನಡುವಿನ) ಬ್ಯಾರಿಯರ್‌ಗಳನ್ನು ನಂಬಬೇಡಿ. ಒಂದೇ ಸಿಪಿಯುಗೆ ಬಿಲ್ಡ್ ಮಾಡಿದ ಕರ್ನಲ್‌ನಲ್ಲಿ ಅವು ಬರೀ ಕಂಪೈಲರ್ ಬ್ಯಾರಿಯರ್ ಆಗಿಬಿಡುತ್ತವೆ. ಅಲ್ಲಿ ಡಿಎಂಎ_ಡಬ್ಲ್ಯೂಎಂಬಿ, ಡಿಎಂಎ_ಆರ್‌ಎಂಬಿ ಬಳಸಿ.

ಪೇಪರ್ ಮೇಲಿನದ್ದನ್ನು ಮಷೀನ್‌ಗೆ ಕೇಳಿ. 2018ರಲ್ಲಿ, 4.17ರ ಜೊತೆ, ಕರ್ನಲ್ ತನ್ನದೇ ಮೆಮೊರಿ ಮಾಡೆಲ್, ಅಂದರೆ ಯಾವ ಫಲಿತಾಂಶ ಬರಬಹುದು, ಯಾವುದು ಬರಲಾರದು ಅಂತ ಹೇಳುವ ನಿಯಮಗಳನ್ನು ಪಡೆಯಿತು. ಟೂಲ್ಸ್ ಕೆಳಗಿನ ಮೆಮೊರಿ-ಮಾಡೆಲ್ ಡೈರೆಕ್ಟರಿಯಲ್ಲಿ ಅದು ಇದೆ, ಮೇಲಿನಂಥ ಚಿಕ್ಕ ಮಾದರಿಗಳು, ಅಂದರೆ ಲಿಟ್ಮಸ್ ಟೆಸ್ಟ್‌ಗಳೂ ಅಲ್ಲೇ ಸಿಗುತ್ತವೆ. ಅವನ್ನು ಪರೀಕ್ಷಿಸುವ ಹರ್ಡ್7 ಎಂಬ ಟೂಲ್ ಇನ್‌ಸ್ಟಾಲ್ ಮಾಡಿ, ಮೊದಲ ಮಾದರಿಯನ್ನು ಬರೆದು, ಕೊನೆಯ ಎಕ್ಸಿಸ್ಟ್ಸ್ ಸಾಲಿನಲ್ಲಿ ಕೆಟ್ಟ ಫಲಿತಾಂಶ ಕೊಡಿ. ರಿಲೀಸ್-ಅಕ್ವೈರ್ ಇದ್ದರೆ “ನೆವರ್” ಅನ್ನುತ್ತದೆ. ರಿಲೀಸ್ ತೆಗೆದು ರೈಟ್_ಒನ್ಸ್ ಹಾಕಿ ಮತ್ತೆ ಓಡಿಸಿ, “ಸಮ್‌ಟೈಮ್ಸ್” ಬರುತ್ತದೆ. ಹೀಗೆ ಒಂದೊಂದೇ ಪದ ಬದಲಿಸಿ ನೋಡಿ. ನನಗೆ ಗೊತ್ತಿರುವ ಪೈಕಿ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಓಡುತ್ತಿರುವ ಕರ್ನಲ್‌ನಲ್ಲಿ ಡೇಟಾ ರೇಸ್ (ಒಂದೇ ವೇರಿಯಬಲ್ ಮೇಲೆ ಕ್ರಮವಿಲ್ಲದೇ ಇಬ್ಬರು ಕೈಹಾಕುವುದು) ಹುಡುಕಲು 5.8ರಲ್ಲಿ ಬಂದ ಕೆಸಿಎಸ್ಎಎನ್ ಇದೆ. ಆದರೆ ಅದು ಸುಮ್ಮನಿದೆ ಅಂದಮಾತ್ರಕ್ಕೆ ಕೋಡ್ ಸರಿ ಇದೆ ಅಂತ ಅರ್ಥವಲ್ಲ.

ಕೊನೆಗೆ ಕಾಮೆಂಟ್. ಬ್ಯಾರಿಯರ್ ಮೇಲೆ ಕಾಮೆಂಟ್ ಇಲ್ಲದಿದ್ದರೆ ಪ್ಯಾಚ್ ಪರಿಶೀಲಿಸುವ ಸ್ಕ್ರಿಪ್ಟ್ ಚೆಕ್‌ಪ್ಯಾಚ್ ಎಚ್ಚರಿಸುತ್ತದೆ. “ಮೆಮೊರಿ ಬ್ಯಾರಿಯರ್” ಅಂತ ಬರೆದು ಅದರ ಬಾಯಿ ಮುಚ್ಚಿಸಬೇಡಿ. ನಾನು ಬಯಸುವುದು ಇಂಥದ್ದು: “ಡೇಟಾ ಬರಹ ಮೊದಲು, ರೆಡಿ ಬರಹ ನಂತರ. ಜೋಡಿ: ಕನ್ಸ್ಯೂಮರ್ ಫಂಕ್ಷನ್‌ನ ಲೋಡ್_ಅಕ್ವೈರ್. ಇಲ್ಲದಿದ್ದರೆ ರೆಡಿ 1 ಕಂಡೂ ಹಳೆಯ ಡೇಟಾ ಓದಬಹುದು.” ಇದೇ ಕಾಮೆಂಟನ್ನು ಆ ಕಡೆಯ ಫಂಕ್ಷನ್‌ನಲ್ಲೂ ತಿರುಗಿಸಿ ಬರೆಯಿರಿ. ನಾಳೆ ಯಾರೋ ಒಂದು ಕಡೆ ಕೋಡ್ ತೆಗೆಯುವಾಗ ಇನ್ನೊಂದು ಕಡೆ ಎಲ್ಲಿದೆ ಅಂತ ಅವರಿಗೆ ಅಲ್ಲೇ ಗೊತ್ತಾಗಬೇಕು.