ಅಪ್ಪ, ಅಮ್ಮ, ಮಕ್ಕಳ ಜೊತೆ ಕ್ಯೂ ಗಾರ್ಡನ್ಸ್ ದೀಪದ ಹಾದಿಯಲ್ಲಿ

ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮನನ್ನು ಲಂಡನ್‌ಗೆ ಕರೆಸುತ್ತೇನೆ ಅಂದಾಗ ಎಲ್ಲರೂ ಹೇಳಿದ್ದು ಒಂದೇ. "ಆ ಚಳೀಲಾ? ಬೇಸಿಗೆಗೆ ಕರೆಸಿಕೋ." ಆದರೆ ಇಲ್ಲಿ ಚಳಿಗಾಲಕ್ಕೇ ಅಂತ ಇರುವ ಸಂಭ್ರಮಗಳಿವೆ. ಇಲ್ಲಿಯ ದೊಡ್ಡ ಸಸ್ಯತೋಟವಾದ ಕ್ಯೂ ಗಾರ್ಡನ್ಸ್‌ನ ಕ್ರಿಸ್‌ಮಸ್ ಲೈಟ್ ಟ್ರೇಲ್ ಅಂಥದ್ದು. 2013ರಲ್ಲಿ ಶುರುವಾದದ್ದು. ನವೆಂಬರ್ ಮಧ್ಯದಿಂದ ಜನವರಿ ಮೊದಲ ದಿನಗಳವರೆಗೆ ಸಂಜೆ ಹೊತ್ತು ತೋಟದೊಳಗೆ ಸುಮಾರು ಮೂರು ಕಿಲೋಮೀಟರ್ ದೀಪದ ಹಾದಿ. ಮೊಣಕಾಲು ನೋವಿನ ಅಮ್ಮ, ಪುಟ್ಟ ಮಗಳು, ಎಲ್ಲವನ್ನೂ ನಿಂತು ನೋಡುವ ಅಪ್ಪ. ಇವರನ್ನೆಲ್ಲ ಕಟ್ಟಿಕೊಂಡು ಹೇಗೆ ಹೋಗಿಬಂದೆವು ಅಂತ ಬರೆಯುತ್ತೇನೆ. ಊರಿಂದ ದೊಡ್ಡವರು ಬರುವವರಿದ್ದರೆ ಉಪಯೋಗಕ್ಕೆ ಬಂದೀತು.

ಟಿಕೆಟ್ ಮುಂಚೆಯೇ ತೆಗೆಯಬೇಕು. ಒಳಗೆ ಹೋಗುವ ಸಮಯವನ್ನೂ ಆಗಲೇ ಆರಿಸಬೇಕು. ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ, ಬೆಲೆಯೂ ಜಾಸ್ತಿ. ಆದ್ದರಿಂದ ಶರತ್ಕಾಲ ಶುರುವಾಗುತ್ತಿದ್ದ ಹಾಗೇ ನೋಡಿಕೊಳ್ಳಿ. ನಾನು ವಾರದ ನಡುವಿನ ದಿನ, ಅದರಲ್ಲೂ ಸಂಜೆಯ ಮೊದಲನೇ ಸ್ಲಾಟ್ ತೆಗೆದುಕೊಂಡೆ. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಮೊದಲ ಸ್ಲಾಟ್‌ಗೆ ಹೋದರೂ ಕತ್ತಲು ಕತ್ತಲೇ. ಮಕ್ಕಳು ಹಸಿವು, ನಿದ್ದೆ ಅನ್ನುವ ಮೊದಲೇ ಮುಗಿಯುತ್ತದೆ. ರಾತ್ರಿ ಏರುತ್ತಾ ಚಳಿಯೂ ಏರುತ್ತದೆ, ಅದರಿಂದಲೂ ತಪ್ಪಿಸಿಕೊಳ್ಳಬಹುದು. ಯಾವ ಗೇಟಿನಿಂದ ಒಳಗೆ ಹೋಗಬೇಕು ಅನ್ನುವುದನ್ನು ಟಿಕೆಟ್‌ನಲ್ಲಿ ನೋಡಿಕೊಳ್ಳಿ. ತೋಟ ತುಂಬ ದೊಡ್ಡದು, ತಪ್ಪು ಗೇಟಿಗೆ ಹೋದರೆ ಒಳಗೆ ಕಾಲಿಡುವ ಮೊದಲೇ ದೊಡ್ಡವರು ಸುಸ್ತಾಗುತ್ತಾರೆ. ನಾವು ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಹೋದೆವು. ಕ್ಯೂ ಗಾರ್ಡನ್ಸ್ ಸ್ಟೇಷನ್‌ನಿಂದ ವಿಕ್ಟೋರಿಯಾ ಗೇಟ್ ಹತ್ತಿರ, ಅಮ್ಮನೂ ಆರಾಮಾಗಿ ನಡೆದರು.

ಇನ್ನು ಬಟ್ಟೆ. ಇದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತಲೆ ಕೊಟ್ಟೆ. ಅಮ್ಮ ಸೀರೆಯಲ್ಲೇ ಬರುತ್ತೇನೆ ಅಂತ ಕೂತರು. "ಚಪ್ಪಲಿಗೇ ಸಾಕ್ಸ್ ಹಾಕ್ಕೋತೀನಿ ಬಿಡೇ, ಬಸವನಗುಡೀಲಿ ಚಳಿ ಇರಲ್ವಾ?" ಅಂದರು. ಇಲ್ಲಿಯ ಚಳಿಗಿಂತ ಇಲ್ಲಿಯ ತೇವ ಕೆಟ್ಟದ್ದು. ದಾರಿ ತುಂಬ ಒದ್ದೆ ಎಲೆ, ಸೀರೆ ಅಂಚು ಅರ್ಧ ಗಂಟೆಯಲ್ಲಿ ತೊಯ್ದು ಕಾಲಿಗೆ ಅಂಟಿಕೊಳ್ಳುತ್ತದೆ. ಹೇಳಿ ಹೇಳಿ ಚೂಡಿದಾರ್‌ಗೆ ಒಪ್ಪಿಸಿದೆ. ಅದರೊಳಗೆ ಥರ್ಮಲ್ಸ್, ಮೇಲೆ ಸ್ವೆಟರ್, ಅದರ ಮೇಲೆ ಮಂಡಿ ಮುಚ್ಚುವ ಕೋಟು. ಕಾಲಿಗೆ ತೆಳ್ಳನೆಯದೊಂದು, ಉಣ್ಣೆಯದೊಂದು ಕಾಲುಚೀಲ. ಶೂ ಬಿಗಿ ಇರಬಾರದು, ಎರಡು ಕಾಲುಚೀಲ ಹಾಕಿದ ಮೇಲೂ ಬೆರಳು ಆಡಬೇಕು. ಬೆರಳು ಆಡದಿದ್ದರೆ ಎಷ್ಟು ಉಣ್ಣೆ ಹಾಕಿದರೂ ಕಾಲು ಕೊರೆಯುತ್ತದೆ. ಅಪ್ಪನಿಗೆ ಊರಿಂದ ತಂದ ಮಂಕಿ ಕ್ಯಾಪ್ ಸಾಕಾಯಿತು. ಮಗಳ ಕೈಗವಸು ಎರಡನ್ನೂ ಒಂದು ಉದ್ದ ದಾರಕ್ಕೆ ಹೊಲಿದು, ಕೋಟಿನ ತೋಳೊಳಗಿಂದ ಹಾಯಿಸಿದ್ದೆ. ಕಳಚಿದರೂ ನೇತಾಡುತ್ತಿರುತ್ತದೆ, ಕತ್ತಲಲ್ಲಿ ಹುಡುಕುವ ಕಷ್ಟವಿಲ್ಲ.

ಊಟ ಮನೆಯಲ್ಲೇ ಮುಗಿಸಿದೆವು. ಮಧ್ಯಾಹ್ನ ಎರಡೂವರೆಗೆ ಬಿಸಿ ಬಿಸಿ ಬಿಸಿಬೇಳೆಬಾತ್ ಉಂಡು ಹೊರಟಿದ್ದು. ಒಳಗೆ ತಿಂಡಿ ಅಂಗಡಿಗಳಿವೆ, ಆದರೆ ನಾಲ್ಕೈದು ಜನ ತಿಂದರೆ ಖರ್ಚು ಜೋರು. ಸಸ್ಯಾಹಾರಿಗಳಿಗೆ ಒಂದು ಮಾತು. ಮಕ್ಕಳು ಬೆಂಕಿಯಲ್ಲಿ ಸುಟ್ಟುಕೊಳ್ಳುವ ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆಯ ಸಿಹಿಯಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವಂಥದ್ದು ಅದು. ವೀಗನ್ ಸಿಗುತ್ತದಾ ಅಂತ ಕೇಳಿ, ಇಲ್ಲವಾದರೆ ಹಾಟ್ ಚಾಕೊಲೇಟ್ ಸಾಕು. ನಾನು ಮಗಳಿಗೆ ಮನೆಯಲ್ಲೇ ಹೇಳಿ ಒಪ್ಪಿಸಿದ್ದೆ.

ಹಾದಿ ಒಂದೇ ದಿಕ್ಕಿನದು, ದಾರಿ ತಪ್ಪುವ ಮಾತೇ ಇಲ್ಲ. ನಾನು ಮಾಡಿದ ನಿಯಮ ಒಂದೇ. ಅಮ್ಮ ಮುಂದೆ, ನಾವೆಲ್ಲ ಹಿಂದೆ. ಅವರು ನಿಂತಲ್ಲಿ ನಿಲ್ಲುವುದು, ಬೆಂಚು ಕಂಡಲ್ಲೆಲ್ಲ ಕೂರುವುದು. ಅವರನ್ನು ಹಿಂದೆ ಬಿಟ್ಟು "ನಿಧಾನಕ್ಕೆ ಬಾಮ್ಮ" ಅಂದರೆ ಅವರು ಅವಸರವಾಗಿಯೇ ನಡೆಯುತ್ತಾರೆ, ನಮ್ಮ ತಾಯಂದಿರು ಹಾಗೇ ಅಲ್ವಾ. ಮುಂದೆ ಬಿಟ್ಟರೆ ಅವರ ನಡಿಗೆಯೇ ಎಲ್ಲರ ನಡಿಗೆ. ಹಿಂದಿನಿಂದ ಬರುವವರು ಪಕ್ಕದಲ್ಲಿ ಹಾದುಹೋಗುತ್ತಾರೆ, ಯಾರೂ ನೂಕುವುದಿಲ್ಲ. ಹಾಗೆ ಹೋಗಿದ್ದಕ್ಕೆ ಎರಡು ಗಂಟೆ ಹಿಡಿಯಿತು, ಅಮ್ಮ ಒಮ್ಮೆಯೂ ಕಾಲು ನೋವು ಅನ್ನಲಿಲ್ಲ. ಗಾಲಿಕುರ್ಚಿ ಬೇಕಾಗುವವರು ಟಿಕೆಟ್ ತೆಗೆಯುವಾಗಲೇ ವಿಚಾರಿಸಿಕೊಳ್ಳಿ.

ನಿಧಾನ ಹೋದದ್ದರಿಂದಲೇ ಮರಗಳು ಕಂಡವು. ಮೈಸೂರು ಅರಮನೆಗೆ ಹಾಕುವ ದೀಪ ಕಟ್ಟಡದ ಅಂಚನ್ನು ಬರೆದು ತೋರಿಸುತ್ತದೆ. ಇಲ್ಲಿ ಹಲವು ಕಡೆ ದೀಪ ಬುಡದಲ್ಲಿರುತ್ತದೆ, ಬೆಳಕು ಮೇಲಕ್ಕೆ ಹತ್ತುತ್ತದೆ. ಎಲೆ ಉದುರಿದ ಓಕ್ ಮರದ ತೊಗಟೆಯ ಒಂದೊಂದು ಸೀಳೂ ಕಾಣುತ್ತದೆ. ಮೇಲೆ ಕೊಂಬೆ, ರೆಂಬೆ, ಅದರ ತುದಿಯ ಕಡ್ಡಿಯವರೆಗೂ ಬಣ್ಣ. ಬೇಸಿಗೆಯಲ್ಲಿ ಇದು ಆಗುವುದೇ ಇಲ್ಲ. ಎಲೆ ತುಂಬಿ ಕೊಂಬೆ ಮುಚ್ಚಿರುತ್ತದೆ, ಜೂನ್‌ನಲ್ಲಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಸಾವಿರಾರು ಪುಟ್ಟ ದೀಪಗಳ ಕಮಾನಿನ ಸುರಂಗದಲ್ಲಿ ಮಗಳು ಕೈಗವಸು ತೆಗೆದು ಅಂಗೈ ಚಾಚಿದಳು. ಕೆಂಪು ಹೋಗಿ ನೀಲಿ ಬಂತು. "ಅಜ್ಜಿ, ನಿಂದೂ ತೋರ್ಸು" ಅಂದಳು. ಅಮ್ಮನೂ ಕೈಗವಸು ತೆಗೆದರು. ಬೆಂಕಿಯ ತೋಟ ಅಂತ ಒಂದು ಜಾಗವಿದೆ, ನಿಜವಾದ ಜ್ವಾಲೆಗಳು. ಅಲ್ಲಿ ಅಪ್ಪನನ್ನು ಎಬ್ಬಿಸುವುದೇ ಕಷ್ಟವಾಯಿತು.

ಫೋಟೋಗೆ ಫ್ಲ್ಯಾಶ್ ಬೇಡ. ಪರದೆ ಮೇಲೆ ದೀಪದ ಜಾಗ ಮುಟ್ಟಿ ಸ್ವಲ್ಪ ಕತ್ತಲು ಮಾಡಿಕೊಂಡರೆ ಬಣ್ಣ ಉಳಿಯುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನು ಒಳಜೇಬಿನಲ್ಲಿರಲಿ. ಟಿಕೆಟ್‌ನ ಒಂದು ಪ್ರತಿ ಇನ್ನೊಬ್ಬರ ಫೋನಿನಲ್ಲೂ ಇರಲಿ.

ಕೊನೆಗೆ ಪಾಮ್ ಹೌಸ್. 1848ರಲ್ಲಿ ಕಟ್ಟಿ ಮುಗಿಸಿದ ಕಬ್ಬಿಣ, ಗಾಜಿನ ಮನೆ. ಅದರ ಮೇಲೂ ಮುಂದಿನ ಕೊಳದ ಮೇಲೂ ಬೆಳಕಿನ ಆಟ, ಜೊತೆಗೆ ಸಂಗೀತ. ಅಪ್ಪನಿಗೆ ತಕ್ಷಣ ಲಾಲ್‌ಬಾಗ್ ಗಾಜಿನ ಮನೆ ನೆನಪಾಯಿತು. ಅದು ಬರೀ ಹೋಲಿಕೆ ಅಲ್ಲ. ಲಾಲ್‌ಬಾಗ್‌ನಲ್ಲಿ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಾಗ ತೋಟದ ಮುಖ್ಯಸ್ಥರಾಗಿದ್ದ ಜಾನ್ ಕ್ಯಾಮರಾನ್ ಇದೇ ಕ್ಯೂನಿಂದ ಬಂದವರು. ಆಮೇಲೆ ಲಾಲ್‌ಬಾಗ್ ನೋಡಿಕೊಂಡ ಕೃಂಬಿಗಲ್ ಕೂಡ ಕ್ಯೂನಲ್ಲಿ ಕೆಲಸ ಮಾಡಿದವರೇ. ಬೆಂಗಳೂರಿಗೆ ಸೀಮೆಬದನೆ ತಂದವರು ಕ್ಯಾಮರಾನ್ ಅಂದಾಗ ಅಮ್ಮ, "ಹಾಗಾದ್ರೆ ನಮ್ಮ ಹುಳಿಗೂ ಇವರದೇ ಋಣ ಕಣ್ರೀ" ಅಂತ ಅಪ್ಪನ ಕಡೆ ತಿರುಗಿದರು. ಇಷ್ಟು ವರ್ಷ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿದ ಇಬ್ಬರಿಗೂ ಈ ಜಾಗ ಪರಕೀಯ ಅನ್ನಿಸದೇ ಹೋದದ್ದು ನನಗೆ ಬಹಳ ಖುಷಿ ಕೊಟ್ಟಿತು. ಹೋಗುವ ಮೊದಲು ಈ ಕಥೆ ನಿಮ್ಮ ಮನೆಯ ದೊಡ್ಡವರಿಗೂ ಹೇಳಿ.

ಆ ಬೆಳಕಿನ ಆಟ ಮತ್ತೆ ಮತ್ತೆ ನಡೆಯುತ್ತದೆ. ಒಂದು ಸಲ ಮುಗಿದ ಕೂಡಲೇ ಮುಂದಿನವರು ಸರಿದು ಜಾಗ ಆಗುತ್ತದೆ, ಮಕ್ಕಳನ್ನು ಆಗ ಕೊಳದ ಹತ್ತಿರ ನಿಲ್ಲಿಸಿ. ನಾವು ಎರಡು ಸಲ ನೋಡಿ ಹೊರಟೆವು. ರೈಲಿನಲ್ಲಿ ಎಲ್ಲರಿಗೂ ಸೀಟು ಸಿಕ್ಕಿತು, ಫ್ಲಾಸ್ಕ್‌ನಲ್ಲಿದ್ದ ಕಾಫಿಯನ್ನು ಅಲ್ಲೇ ಹಂಚಿಕೊಂಡು ಕುಡಿದೆವು.