ವಾಚಿನ ಬ್ಲೂಟೂತ್ ಆನ್ ಇರಲಿ, ಉಳಿದದ್ದನ್ನು ನೋಡಿಕೊಳ್ಳಿ

ಫಿಟ್‌ನೆಸ್ ವಾಚಿನ ಬ್ಯಾಟರಿ ಬೇಗ ಇಳಿಯುತ್ತಿದೆ ಅನಿಸಿದ ಕೂಡಲೇ ಹೆಚ್ಚಿನವರು ಕೈ ಹಾಕುವುದು ಬ್ಲೂಟೂತ್ ಬಟನ್ನಿಗೆ. ನನ್ನ ವಾಚಿನಲ್ಲಿ ಬ್ಲೂಟೂತ್ ಹಗಲೆಲ್ಲ ಆನ್ ಇರುತ್ತದೆ. ವೈಫೈ ಮತ್ತು ಸಿಮ್ ಆಫ್ ಇರುತ್ತವೆ. ಓಟ, ಸೈಕಲ್, ಈಜು ಮೂರಕ್ಕೂ ಇದೇ ವಾಚ್ ಕಟ್ಟುತ್ತೇನೆ. ಹೀಗೆ ಇಟ್ಟುಕೊಂಡ ಮೇಲೆ ಚಾರ್ಜ್ ಜಾಸ್ತಿ ಹೊತ್ತು ನಿಲ್ಲುತ್ತಿದೆ, ಓಡಿದ್ದೆಲ್ಲ ತಾನಾಗೇ ಫೋನಿಗೆ ಬಂದು ಸೇರುತ್ತಿದೆ.

ಅಷ್ಟು ಚಿಕ್ಕ ವಾಚಿನೊಳಗೆ ಹಲವು ರೇಡಿಯೋಗಳಿವೆ. ಬ್ಲೂಟೂತ್, ವೈಫೈ, ದುಡ್ಡು ಕಟ್ಟಲು ಎನ್ಎಫ್‌ಸಿ, ಜಿಪಿಎಸ್ ರಿಸೀವರ್, ಕೆಲವದರಲ್ಲಿ ಸಿಮ್ ಮೂಲಕ ಮೊಬೈಲ್ ನೆಟ್‌ವರ್ಕ್ ಹಿಡಿಯುವ ಎಲ್‌ಟಿಇ, ಇನ್ನು ಕೆಲವದರಲ್ಲಿ ಸೆನ್ಸಾರ್‌ಗಳಿಗೆಂದೇ ಇರುವ ಆ್ಯಂಟ್ ಪ್ಲಸ್. ಎಲ್ಲವೂ ಒಂದೇ ಸಮ ಕರೆಂಟ್ ಎಳೆಯುವುದಿಲ್ಲ. ಯಾವುದು ಯಾವಾಗ ಎದ್ದು ಕೂರುತ್ತದೆ ಅನ್ನುವುದು ಗೊತ್ತಾದರೆ ಯಾವುದನ್ನು ಆಫ್ ಮಾಡಬೇಕು ಅನ್ನುವುದು ಸುಲಭ.

ವಾಚ್ ಫೋನಿನ ಜೊತೆ ಮಾತಾಡಲು ಬಳಸುವುದು ಬ್ಲೂಟೂತ್ ಲೋ ಎನರ್ಜಿ. ಇದು 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂತು. ಇದರಲ್ಲಿ ಎರಡೂ ಕಡೆಯವರು ಒಂದು ಅಂತರ ಗೊತ್ತುಮಾಡಿಕೊಳ್ಳುತ್ತಾರೆ. 7.5 ಮಿಲಿಸೆಕೆಂಡಿನಿಂದ 4 ಸೆಕೆಂಡಿನವರೆಗೆ ಅದು ಎಷ್ಟಾದರೂ ಇರಬಹುದು. ಆ ಹೊತ್ತಿಗೆ ಇಬ್ಬರೂ ಎದ್ದು, ಹೇಳುವುದಿದ್ದರೆ ಹೇಳಿ, ಮತ್ತೆ ಮಲಗುತ್ತಾರೆ. ಹೇಳುವುದೇನೂ ಇಲ್ಲದಿದ್ದರೆ ವಾಚ್ ಕೆಲವು ಸರದಿ ಏಳದೆ ಬಿಡಲೂಬಹುದು. ಹಾಗಾಗಿ ಸುಮ್ನೆ ಕನೆಕ್ಟ್ ಆಗಿ ಕೂತಿರುವ ಬ್ಲೂಟೂತಿಗೆ ಆಗುವ ಖರ್ಚು ತೀರಾ ಕಡಿಮೆ. ಖರ್ಚಾಗುವುದು ಅದರ ಮೂಲಕ ಬರುವ ನೋಟಿಫಿಕೇಶನ್‌ಗೆ. ಒಂದೊಂದು ಮೆಸೇಜಿಗೂ ಸ್ಕ್ರೀನ್ ಬೆಳಗಬೇಕು, ಮೋಟಾರ್ ನಡುಗಬೇಕು. ನಾನು ಕರೆ, ಮನೆಯವರ ಮೆಸೇಜು, ಕ್ಯಾಲೆಂಡರ್ ಇಷ್ಟನ್ನು ಬಿಟ್ಟು ಉಳಿದ ಆ್ಯಪ್‌ಗಳ ನೋಟಿಫಿಕೇಶನ್ ವಾಚಿಗೆ ಬರದಂತೆ ಮಾಡಿದೆ. ಎಲ್ಲಕ್ಕಿಂತ ದೊಡ್ಡ ಉಳಿತಾಯ ಆದದ್ದು ಇದರಿಂದ.

ಈಗ ಫೋನಿನ ಬ್ಲೂಟೂತ್ ಆಫ್ ಮಾಡಿದರೆ ಏನಾಗುತ್ತದೆ ನೋಡಿ. ಗೂಗಲ್‌ನ ವೇರ್ ಓಎಸ್ ಇರುವ ವಾಚುಗಳಲ್ಲಿ ವೈಫೈ ಸಾಮಾನ್ಯವಾಗಿ ಆಟೋಮ್ಯಾಟಿಕ್‌ನಲ್ಲಿ ಇರುತ್ತದೆ. ಫೋನ್ ಕೈ ತಪ್ಪಿತು ಅಂತ ಗೊತ್ತಾದಾಗ ವಾಚ್ ತನಗೆ ಗೊತ್ತಿರುವ ವೈಫೈ ಹುಡುಕಲು ಶುರು ಮಾಡುತ್ತದೆ. ಆಪಲ್ ವಾಚ್ ಕೂಡ ಐಫೋನ್ ಹತ್ತಿರ ಇಲ್ಲದಿದ್ದರೆ ವೈಫೈಗೆ ಹೋಗುತ್ತದೆ, ಅದೂ ಇಲ್ಲ, ಸಿಮ್ ಇದೆ ಅಂದರೆ ಮೊಬೈಲ್ ನೆಟ್‌ವರ್ಕಿಗೆ. ಅಂದರೆ ಚಾರ್ಜ್ ಉಳಿಸಲು ಹೋಗಿ, ಕಡಿಮೆ ತಿನ್ನುವವನನ್ನು ಕಳಿಸಿ ಜಾಸ್ತಿ ತಿನ್ನುವವನನ್ನು ಊಟಕ್ಕೆ ಕೂರಿಸಿದ ಹಾಗೆ ಆಗುತ್ತದೆ, ಅಲ್ವಾ? ಸಿಗ್ನಲ್ ಕಮ್ಮಿ ಇರುವ ಜಾಗದಲ್ಲಿ ಎಲ್‌ಟಿಇ ಇನ್ನೂ ಜೋರಾಗಿ ಕೂಗಬೇಕಾಗುತ್ತದೆ, ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ. ಫೋನ್ ಬಿಟ್ಟು ಓಡಲು ಹೋಗುವ ದಿನ ಮಾತ್ರ ನಾನು ಸಿಮ್ ಆನ್ ಮಾಡುತ್ತೇನೆ.

ಇದನ್ನೆಲ್ಲ ನಿಮ್ಮ ವಾಚಿನಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಅದಕ್ಕೆ ರಾತ್ರಿ ಒಳ್ಳೆಯ ಹೊತ್ತು. ಸ್ಕ್ರೀನ್ ಬೆಳಗುವುದಿಲ್ಲ, ಜಿಪಿಎಸ್ ಓಡುವುದಿಲ್ಲ, ಬೇರೆ ಖರ್ಚು ಹೆಚ್ಚೇನೂ ಇಲ್ಲ. ಮಲಗುವಾಗ ಶೇಕಡಾ ಎಷ್ಟಿದೆ ಅಂತ ಬರೆದಿಟ್ಟು, ಬೆಳಿಗ್ಗೆ ಎದ್ದು ಮತ್ತೆ ನೋಡುವುದು. ಒಂದು ರಾತ್ರಿಗೆ ಒಂದೇ ಸೆಟ್ಟಿಂಗ್ ಬದಲಿಸಬೇಕು, ಇಲ್ಲದಿದ್ದರೆ ಇಳಿದದ್ದು ಯಾವುದರಿಂದ ಅಂತ ತಿಳಿಯುವುದಿಲ್ಲ. ನನ್ನ ವಾಚಿನಲ್ಲಿ ಫೋನ್ ಪಕ್ಕದಲ್ಲೇ ಇದ್ದ ರಾತ್ರಿಗೂ, ಫೋನ್ ದೂರದ ಕೋಣೆಯಲ್ಲಿದ್ದು ವಾಚ್ ಅದನ್ನು ಹುಡುಕುತ್ತಲೇ ಇದ್ದ ರಾತ್ರಿಗೂ ವ್ಯತ್ಯಾಸ ಚೆನ್ನಾಗಿಯೇ ಕಾಣಿಸಿತು. ಹಾಗಾಗಿ ಫೋನ್ ದೂರ ಇಟ್ಟು ಮಲಗುವ ದಿನ ಮಾತ್ರ ಏರೋಪ್ಲೇನ್ ಮೋಡ್ ಹಾಕುತ್ತೇನೆ. ಎದೆಬಡಿತ, ನಿದ್ದೆ ಇವನ್ನು ವಾಚ್ ಬೆಳಕಿನ ಸೆನ್ಸಾರ್ ಮತ್ತು ಕೈಯ ಅಲುಗಾಟದಿಂದ ಅಳೆಯುತ್ತದೆ, ಅದಕ್ಕೆ ರೇಡಿಯೋ ಬೇಕಿಲ್ಲ. ಒಂದು ವಿಷಯ ಗಮನಿಸಿ: ಆಪಲ್ ವಾಚಿನಲ್ಲಿ ಏರೋಪ್ಲೇನ್ ಮೋಡ್ ಹಾಕಿದರೂ ಬ್ಲೂಟೂತ್ ಆನ್ ಆಗಿಯೇ ಉಳಿಯುತ್ತದೆ, ಬೇಡವೆಂದರೆ ಅದನ್ನು ಬೇರೆಯಾಗಿ ಆಫ್ ಮಾಡಬೇಕು. ಐಫೋನಿನ ಕಂಟ್ರೋಲ್ ಸೆಂಟರಿನ ಬ್ಲೂಟೂತ್ ಬಟನ್ ಒತ್ತಿದರೂ ವಾಚಿನ ಸಂಪರ್ಕ ಹೋಗುವುದಿಲ್ಲ. ಪೂರ್ತಿ ಆಫ್ ಆಗಬೇಕಾದರೆ ಸೆಟ್ಟಿಂಗ್ಸ್ ಒಳಗೇ ಹೋಗಬೇಕು.

ವೈಫೈ ಬೇಡವೇ ಬೇಡ ಅನ್ನುತ್ತಿಲ್ಲ. ಮ್ಯಾಪ್, ಹಾಡು, ಸಾಫ್ಟ್‌ವೇರ್ ಅಪ್‌ಡೇಟ್ ಇಂಥ ದೊಡ್ಡ ಫೈಲುಗಳಿಗೆ ಬ್ಲೂಟೂತ್ ಬಹಳ ನಿಧಾನ. ವಾಚನ್ನು ಚಾರ್ಜಿಗೆ ಹಾಕಿ, ವೈಫೈ ಆನ್ ಮಾಡಿ, ಕೆಲಸ ಮುಗಿದ ಮೇಲೆ ಆಫ್ ಮಾಡುತ್ತೇನೆ. ವೈಫೈ ಹೆಸರೇ ಕಾಣುತ್ತಿಲ್ಲ ಅಂದರೆ ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಇದೆಯಾ ನೋಡಿ. ಎಷ್ಟೋ ವಾಚುಗಳಿಗೆ ಕೇಳಿಸುವುದು 2.4 ಮಾತ್ರ. ಲಾಗಿನ್ ಪುಟ ತೆರೆದುಕೊಳ್ಳುವ ಹೋಟೆಲ್, ಆಫೀಸಿನ ವೈಫೈಗಳಿಗೂ ಹೆಚ್ಚಿನ ವಾಚುಗಳು ಸೇರುವುದಿಲ್ಲ. ಆ ಪುಟ ತೋರಿಸಲು ಅವುಗಳಲ್ಲಿ ಬ್ರೌಸರ್ ಇರುವುದಿಲ್ಲ.

ಸಿಂಕ್ ಆಗುತ್ತಿಲ್ಲ ಅನ್ನುವ ದೂರಿಗೆ ವಾಚಿಗಿಂತ ಫೋನೇ ಕಾರಣ ಆಗಿರುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಆಂಡ್ರಾಯ್ಡ್ ಫೋನು ಬ್ಯಾಟರಿ ಉಳಿಸುವ ಹೆಸರಲ್ಲಿ ವಾಚಿನ ಆ್ಯಪನ್ನು ಹಿನ್ನೆಲೆಯಲ್ಲೇ ಮುಚ್ಚಿಬಿಡುತ್ತದೆ. ಆ ಒಂದು ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆದುಬಿಡಿ. ಆಂಡ್ರಾಯ್ಡ್ 12ರಿಂದ 'ನಿಯರ್‌ಬೈ ಡಿವೈಸಸ್' ಅನ್ನುವ ಅನುಮತಿ ಬೇರೆ ಬಂದಿದೆ, ಅದನ್ನು ಕೊಡದಿದ್ದರೆ ವಾಚ್ ಪಕ್ಕದಲ್ಲಿದ್ದರೂ ಆ್ಯಪಿಗೆ ಕಾಣಿಸುವುದಿಲ್ಲ. ಅದಕ್ಕಿಂತ ಹಳೆಯ ಫೋನುಗಳಲ್ಲಿ ಬ್ಲೂಟೂತ್ ಹುಡುಕಾಟಕ್ಕೆ ಲೊಕೇಶನ್ ಅನುಮತಿ ಬೇಕು. ಐಫೋನಿನಲ್ಲಿ ಬೇರೆ ಕಂಪನಿಯ ವಾಚ್ ಬಳಸುವವರು ಅದರ ಆ್ಯಪನ್ನು ಮೇಲಕ್ಕೆ ತಳ್ಳಿ ಮುಚ್ಚಬಾರದು. ಹಾಗೆ ಮುಚ್ಚಿದರೆ ನೀವೇ ಮತ್ತೆ ತೆರೆಯುವ ತನಕ ಅದು ಹಿನ್ನೆಲೆಯಲ್ಲಿ ಏಳುವುದಿಲ್ಲ.

ಗೆಳೆಯನೊಬ್ಬ ವಾಚ್ ರೀಸೆಟ್ ಮಾಡಿ ತಂದು, "ಪೇರ್ ಮಾಡೋ ನಂಬರೇ ಬರ್ತಿಲ್ಲ ಕಣೋ, ವಾಚ್ ಕೆಟ್ಟೇ ಹೋಯ್ತು" ಅಂದ. ವಾಚ್ ಕೆಟ್ಟಿರಲಿಲ್ಲ. ಪೇರ್ ಮಾಡಿದಾಗ ಎರಡೂ ಕಡೆ ಒಂದು ಗುಟ್ಟಿನ ಕೀ ಉಳಿದಿರುತ್ತದೆ. ರೀಸೆಟ್ ಮಾಡಿದರೆ ವಾಚಿನಲ್ಲಿದ್ದದ್ದು ಅಳಿಸಿ ಹೋಗುತ್ತದೆ, ಫೋನಿನಲ್ಲಿ ಹಳೆಯದೇ ಕೂತಿರುತ್ತದೆ. ಅವನ ಫೋನಿನ ಆ್ಯಪಿನಿಂದ ವಾಚನ್ನು ತೆಗೆದೆ, ಬ್ಲೂಟೂತ್ ಪಟ್ಟಿಯಲ್ಲೂ 'ಫರ್ಗೆಟ್' ಕೊಟ್ಟೆ, ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ಆ್ಯಪಿನ ಒಳಗಿಂದಲೇ ಹೊಸದಾಗಿ ಸೇರಿಸಿದಾಗ ಆರು ಅಂಕಿಯ ನಂಬರ್ ಬಂತು. ಫೋನಿನ ಬ್ಲೂಟೂತ್ ಪಟ್ಟಿಯಿಂದ ನೇರವಾಗಿ ಪೇರ್ ಮಾಡಲು ಹೋಗಬೇಡಿ, ಆ್ಯಪಿನಿಂದಲೇ ಮಾಡಿ.

ಬ್ಲೂಟೂತ್ ಆನ್ ಇಡಲು ಇನ್ನೊಂದು ಕಾರಣ ಜಿಪಿಎಸ್. ಜಿಪಿಎಸ್ ಬರೀ ಕೇಳಿಸಿಕೊಳ್ಳುತ್ತದೆ, ಏನನ್ನೂ ಕಳಿಸುವುದಿಲ್ಲ. ಆದರೆ ಉಪಗ್ರಹ ತಾನು ಎಲ್ಲಿದ್ದೇನೆ ಅನ್ನುವ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಹೇಳುತ್ತದೆ. ಆ ವಿವರ 30 ಸೆಕೆಂಡಿಗೊಮ್ಮೆ ಮರಳಿ ಬರುತ್ತದೆ, ನಡುವೆ ಮರವೋ ಕಟ್ಟಡವೋ ಅಡ್ಡ ಬಂದರೆ ಮತ್ತೆ ಕಾಯಬೇಕು. ಈ ಕಾಯುವಿಕೆ ತಪ್ಪಿಸಲು ಫೋನು ಮುಂದಿನ ಕೆಲವು ದಿನಗಳ ಉಪಗ್ರಹಗಳ ಅಂದಾಜನ್ನು ಇಂಟರ್ನೆಟ್ಟಿನಿಂದ ತಂದು ವಾಚಿಗೆ ಕೊಟ್ಟಿರುತ್ತದೆ. ತುಂಬಾ ದಿನ ಸಿಂಕ್ ಮಾಡದಿದ್ದರೆ ಅದು ಹಳೆಯದಾಗುತ್ತದೆ. ಆಗ ರೇಸಿನ ಗೆರೆಯ ಮುಂದೆ ಎಲ್ಲರೂ ಓಡಲು ತಯಾರಾದರೂ ನಿಮ್ಮ ವಾಚು ಮಾತ್ರ ಇನ್ನೂ ಹುಡುಕುತ್ತಿರುತ್ತದೆ. ರೇಸಿನ ಹಿಂದಿನ ರಾತ್ರಿ ನಾನು ತಪ್ಪದೆ ಆ್ಯಪ್ ತೆರೆದು ಸಿಂಕ್ ಮಾಡುತ್ತೇನೆ.

ವಾಚಿನಿಂದಲೇ ಹಾಡು ಕೇಳುವವರಿಗೆ ಒಂದು ಮಾತು. ಮನೆಯೊಳಗೆ ಚೆನ್ನಾಗಿದ್ದ ಇಯರ್‌ಫೋನ್ ಬಯಲಿಗೆ ಹೋದ ಕೂಡಲೇ ತುಂಡು ತುಂಡಾಗಿ ಕೇಳುತ್ತದೆ. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಹೀರಿಕೊಳ್ಳುತ್ತದೆ, ನಮ್ಮ ಮೈಯಲ್ಲಿ ಇರುವುದು ಬಹಳಷ್ಟು ನೀರೇ. ಒಳಗೆ ಗೋಡೆಗೆ ಬಡಿದು ವಾಪಸ್ ಬಂದ ಅಲೆ ಕಿವಿ ತಲುಪುತ್ತಿತ್ತು, ಬಯಲಲ್ಲಿ ಗೋಡೆ ಇಲ್ಲ. ನನ್ನ ಇಯರ್‌ಫೋನಿನ ಆಂಟೆನಾ ಬಲಗಡೆ, ವಾಚ್ ಇದ್ದದ್ದು ಎಡಗೈಗೆ. ವಾಚನ್ನು ಬಲಗೈಗೆ ಕಟ್ಟಿದೆ, ಹಾಡು ತುಂಡಾಗುವುದು ನಿಂತಿತು. ಈಜುವಾಗಲೂ ಇದೇ ಕಥೆ, ಎದೆಬಡಿತ ಅಳೆಯಲು ಎದೆಗೆ ಕಟ್ಟುವ ಎದೆಪಟ್ಟಿಯಿಂದ ನೀರೊಳಗೆ ವಾಚಿಗೆ ಸಿಗ್ನಲ್ ಬರುವುದಿಲ್ಲ. ಅದಕ್ಕೇ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು ಮೇಲೆ ಬಂದ ಮೇಲೆ ಕಳಿಸುವ ಪಟ್ಟಿಗಳು ಇವೆ, ಈಜುವವರು ಅಂಥದ್ದನ್ನೇ ತೊಗೊಳ್ಳಿ.

ಎನ್ಎಫ್‌ಸಿ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಹೋಗುವುದೇ ಕೆಲವು ಸೆಂಟಿಮೀಟರ್ ದೂರ. ವಾಚಿಗೆ ಪಾಸ್‌ಕೋಡ್ ಇಟ್ಟಿದ್ದೇನೆ, ಕೈಯಿಂದ ಬಿಚ್ಚಿದರೆ ಲಾಕ್ ಆಗುತ್ತದೆ, ಅಷ್ಟು ಸಾಕು.

ನಾನು ಆಫ್ ಮಾಡಲು ಮರೆಯದಿರುವುದು ಎದೆಬಡಿತದ ಬ್ರಾಡ್‌ಕಾಸ್ಟ್. ಸೈಕಲ್ ಕಂಪ್ಯೂಟರಿಗೋ ಟ್ರೆಡ್‌ಮಿಲ್ಲಿಗೋ ವಾಚು ಎದೆಬಡಿತ ಕಳಿಸುವ ಸೌಲಭ್ಯ ಅದು. ಆ್ಯಂಟ್ ಪ್ಲಸ್‌ನಲ್ಲಿ ಕಳಿಸಿದರೆ ಹತ್ತಿರ ಇರುವ ಎಷ್ಟು ಯಂತ್ರ ಬೇಕಾದರೂ ಒಟ್ಟಿಗೆ ಕೇಳಿಸಿಕೊಳ್ಳಬಹುದು. ಜಿಮ್ಮಿನಲ್ಲಿ ಪಕ್ಕದವರ ಟ್ರೆಡ್‌ಮಿಲ್ ನಿಮ್ಮ ಎದೆಬಡಿತವನ್ನೇ ತೋರಿಸಲೂಬಹುದು. ಸವಾರಿ ಮುಗಿದ ಕೂಡಲೇ ನಿಲ್ಲಿಸಿಬಿಡುತ್ತೇನೆ. ಎದೆಪಟ್ಟಿ ಬಳಸುವ ದಿನ ಅದರ ಹಿಂದೆ ಅಚ್ಚಾಗಿರುವ ಐಡಿ ನಂಬರನ್ನು ಯಂತ್ರದ ಪಟ್ಟಿಯಲ್ಲಿ ಬಂದಿರುವ ನಂಬರಿನ ಜೊತೆ ತಾಳೆ ನೋಡಿ, ನನ್ನದೇ ಅಂತ ಖಾತ್ರಿಯಾದ ಮೇಲೆ ಓಟ ಶುರು ಮಾಡುತ್ತೇನೆ.